ಸೂಜಿ ಚುಚ್ಚಿದ ಜಾಗ ಕೆಂಪಾದರೆ ಮೊದಲು ಪೆನ್ನು ತನ್ನಿ

ಮಗುವಿಗೆ ಲಸಿಕೆ ಹಾಕಿಸಿಕೊಂಡು ಬಂದ ಸಂಜೆಯೇ ತೊಡೆಯ ಫೋಟೊ ವಾಟ್ಸಾಪಿಗೆ ಬರುತ್ತದೆ. ‘ಅಜ್ಜಿ, ಕೆಂಪಗಾಗಿದೆ!’ ಯಾವ ಲಸಿಕೆ, ಎಷ್ಟು ಹೊತ್ತಾಯಿತು, ಮೊದಲಿಗಿಂತ ಹರಡಿದೆಯೋ ಅಂತ ಕೇಳಿದರೆ ಒಂದಕ್ಕೂ ಉತ್ತರವಿಲ್ಲ. ಅಷ್ಟರಲ್ಲಿ ಒಬ್ಬಳು ಅರಿಶಿನ ಹಚ್ಚಿಸಿರುತ್ತಾಳೆ, ಇನ್ನೊಬ್ಬಳು ಎಣ್ಣೆ ಹಾಕಿ ತಿಕ್ಕಿಸಿರುತ್ತಾಳೆ. ಹಚ್ಚಬೇಡಿ, ತಿಕ್ಕಬೇಡಿ, ಶಾಖ ಕೊಡಬೇಡಿ ಅಂತ ಎಷ್ಟು ಸಲ ಹೇಳುವುದು?

ಮೈ ಆ ಮದ್ದನ್ನು ಗುರುತಿಸಿದಾಗ ಅಲ್ಲಿಗೆ ರಕ್ತ ಹೆಚ್ಚು ಹರಿದು ಕೆಂಪಾಗುತ್ತದೆ, ಮುಟ್ಟಿದರೆ ಬಿಸಿ, ಸ್ವಲ್ಪ ಊತ. 6, 10, 14ನೇ ವಾರದಲ್ಲಿ ಐದು ರೋಗಗಳಿಗೆ ಒಟ್ಟಿಗೇ ಹಾಕುವ ಪೆಂಟಾ ಸೂಜಿಗೆ ಇದು ಸಾಮಾನ್ಯ. ಎರಡು ಮೂರು ದಿನಕ್ಕೆ ತಾನೇ ಇಳಿಯುತ್ತದೆ.

ನೀವು ಮಾಡಬೇಕಾದದ್ದು ಗುರುತು ಹಾಕುವುದು. ಮಗು ಹಾಲು ಕುಡಿದು ಮಲಗಿದ ಮೇಲೆ ಕಿಟಕಿಯ ಹತ್ತಿರ ಬನ್ನಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಮಗು ಎಣ್ಣೆಗಪ್ಪಾದರೆ ಕೆಂಪು ಕಾಣದು, ಬೆರಳ ಹಿಂಭಾಗದಿಂದ ಸವರಿ ಬಿಸಿ ಎಲ್ಲಿ ಮುಗಿಯುತ್ತದೆ ನೋಡಿ. ಆ ಅಂಚಿನುದ್ದಕ್ಕೂ ಸಾದಾ ಬಾಲ್‌ಪೆನ್ನಿನಿಂದ, ರಂಗೋಲಿಗೆ ಚುಕ್ಕಿ ಇಡುವ ಹಾಗೆ, ಬಿಡಿಬಿಡಿಯಾಗಿ ಚುಕ್ಕಿ ಇಡಿ. ಗೀಟು ಎಳೆದರೆ ಚರ್ಮ ಜಗ್ಗುತ್ತದೆ. ಜೆಲ್ ಪೆನ್ನು ಬೇಡ, ಬೆವರಿಗೆ ಕದಡಿಹೋಗುತ್ತದೆ. ಚುಚ್ಚಿದ ತೂತಿನ ಮೇಲಂತೂ ಪೆನ್ನು ತಾಗಿಸಲೇಬೇಡಿ. ತಾಯಿ ಕಾರ್ಡಿನ ಅಂಚಿನಲ್ಲಿ ಹೊತ್ತು ಬರೆದಿಡಿ. ಮಾರನೇ ದಿನ ಅದೇ ಕಿಟಕಿ, ಅದೇ ಬೆಳಕು. ಮೊದಲ ದಿನ ಕೆಂಪು ಆ ಚುಕ್ಕಿಗಳನ್ನು ದಾಟಿದರೆ ಗಾಬರಿಯಾಗದೆ ಹೊರಗೆ ಹೊಸ ಚುಕ್ಕಿ ಇಡಿ. ಎರಡು ದಿನ ಕಳೆದ ಮೇಲೂ ದಾಟುತ್ತಲೇ ಇದ್ದರೆ, ಕೀವಾದರೆ, ಜ್ವರ ಬಿಡದಿದ್ದರೆ ವೈದ್ಯರ ಹತ್ತಿರ ಹೊರಡಿ. ಮುಖ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಇಲ್ಲವೇ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕೇ. ನೀವೋ, ಆಟೋ ಕಾಯುತ್ತಿದೆ ಅಂತ ಎದ್ದು ಬರುತ್ತೀರಿ.

ನೋವಿಗೆ ತಣ್ಣೀರಲ್ಲಿ ಅದ್ದಿ ಹಿಂಡಿದ ಹಳೇ ಪಂಚೆಯ ತುಂಡು ಸಾಕು, ಮೇಲೆ ಸುಮ್ಮನೆ ಇಡಿ. ಆ ಬಟ್ಟೆಯನ್ನು ಮೊದಲೇ ಕುದಿಸಿ ಬಿಸಿಲಿಗೆ ಹಾಕಿರಬೇಕು.

ಹುಟ್ಟಿದಾಗ ಎಡತೋಳಿಗೆ ಹಾಕುವ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಲೆಕ್ಕವೇ ಬೇರೆ. ಕೆಲವು ವಾರ ಬಿಟ್ಟು ಗುಳ್ಳೆ ಎದ್ದು, ಒಡೆದು, ಕಲೆ ಉಳಿಯುತ್ತದೆ. ನಮ್ಮ ಕಾಲದಲ್ಲಿ ಸಿಡುಬಿಗೆ ದಾಕು ಹಾಕಿಸಿಕೊಂಡ ತೋಳೂ ಹಾಗೇ ಹಣ್ಣಾಗುತ್ತಿತ್ತು. ಹಕ್ಕಳೆ ಕೀಳಲು ಕೈ ಹಾಕಿದರೆ ಅಮ್ಮ ಬೆರಳ ಮೇಲೆ ಬಾರಿಸುತ್ತಿದ್ದಳು. ಬಿಸಿಜಿಯ ಗುಳ್ಳೆಯನ್ನೂ ಒಣಗಲು ಬಿಡಿ, ಹಿಂಡಬೇಡಿ.

ಆಶಾ ಕಾರ್ಯಕರ್ತೆಗೆ ತಿಳಿಸುವುದನ್ನು ಮರೆಯಬೇಡಿ. ಲಸಿಕೆಯ ನಂತರ ಏನೇ ಆದರೂ ಬರೆದುಕೊಳ್ಳುವ ಪದ್ಧತಿ ಇದೆ. ಬರೆದುಕೊಂಡ ಮಾತ್ರಕ್ಕೆ ಲಸಿಕೆಯಿಂದಲೇ ಆಯಿತು ಎಂದಲ್ಲ, ಅದನ್ನು ಆಮೇಲೆ ವಿಚಾರಿಸುತ್ತಾರೆ. ಅಂಥ ಪಟ್ಟಿ ಹಿಡಿದು ಊರು ಹೆದರಿಸುವವರ ಮಾತಿಗೆ ಮುಂದಿನ ಸೂಜಿ ತಪ್ಪಿಸಬೇಡಿ. ಹೋದಾಗ ಹಿಂದಿನ ಸಲ ಕೆಂಪಾದದ್ದನ್ನು ಹೇಳಿ, ಕಾರ್ಡಿನಲ್ಲಿ ಬರೆದದ್ದನ್ನು ತೋರಿಸಿ.