ಬಿಳಿ ಹುಳದಂಥ ತಮ್ನೋಲಿಯಾ: ಯಾವ ಆಸಿಡ್ ಇದೆ ಅಂತ ಕಂಡುಹಿಡಿಯೋದು ಹೇಗೆ

ಐಸ್‌ಲ್ಯಾಂಡ್, ನಾರ್ವೆ, ಅಲಾಸ್ಕಾ ಕಡೆ ಟಂಡ್ರಾ ನೆಲದಲ್ಲಿ ಬಿಳಿ ಹುಳ ಬಿದ್ದಿರೋ ಹಾಗೆ ಕಾಣೋ ತಮ್ನೋಲಿಯಾ ಲೈಕೆನ್ (ಶಿಲೀಂಧ್ರ, ಪಾಚಿ ಒಟ್ಟಿಗೆ ಸೇರಿ ಬೆಳೆಯೋ ಜೀವಿ) ಕಣ್ಣಿಗೆ ಎಲ್ಲಾ ಒಂದೇ ಥರ, ಆದ್ರೆ ಒಳಗಿರೋ ಆಸಿಡ್ ಮಾತ್ರ ಬೇರೆ ಬೇರೆ. ಕತ್ತಲೆ ರೂಮಲ್ಲಿ ಯುವಿ ಲೈಟ್ ಹಿಡೀರಿ. ಹಳದಿಯಾಗಿ ಹೊಳೆದ್ರೆ ಸ್ಕ್ವಾಮ್ಯಾಟಿಕ್, ಬೆಯೋಮೈಸೆಸಿಕ್ ಆಸಿಡ್ ಇರೋದು, ಹೊಳೀದೇ ಮಂಕಾಗಿದ್ರೆ ತಮ್ನೋಲಿಕ್. ಡೌಟ್ ಇದ್ರೆ ಗ್ಲೌಸ್ ಹಾಕ್ಕೊಂಡು ಸಣ್ಣ ತುಂಡಿನ ಮೇಲೆ 10% ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಒಂದೇ ಹನಿ ಬಿಡಿ, ತಮ್ನೋಲಿಕ್ ಆದ್ರೆ ಗಾಢ ಹಳದಿ ಬರುತ್ತೆ, ಇನ್ನೊಂದರಲ್ಲಿ ತಿಳಿ ಹಳದಿ ಅಷ್ಟೇ. ಎರಡೂ ಒಂದೇ ಗುಂಪಲ್ಲಿ ಬೆರೆತು ಬೆಳೆಯೋದುಂಟು, ಅದಕ್ಕೇ ಒಂದೊಂದು ಕಡ್ಡಿನೂ ಬೇರೆಯಾಗೇ ನೋಡ್ಬೇಕು, ಒಂದನ್ನ ಟೆಸ್ಟ್ ಮಾಡಿ ಇಡೀ ಗುಂಪಿಗೆ ಹೆಸರು ಬರೀಬೇಡಿ ದಯವಿಟ್ಟು. ಹಳೇ ಸ್ಯಾಂಪಲ್ ಆದ್ರೆ ಇನ್ನೂ ಸುಲಭ, ವರ್ಷಗಟ್ಟಲೆ ಇಟ್ಟಾಗ ತಮ್ನೋಲಿಕ್ ಇರೋದು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಇನ್ನೊಂದು ಬಿಳಿಯಾಗೇ ಇರುತ್ತೆ.