ಟೈಂ ಟೇಬಲ್ ಆಮೇಲೆ, ಮೊದಲು ಅಂದಾಜು

ದಾವಣಗೆರೆಯಲ್ಲಿ ಹೈಸ್ಕೂಲು, ಪಿಯು ಮಕ್ಕಳ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಹೆತ್ತವರು ಬಂದು ಕೂತ ಕೂಡಲೇ ಕೇಳುವುದು ಒಂದೇ ಮಾತು: "ಇವನಿಗೊಂದು ಟೈಂ ಟೇಬಲ್ ಹಾಕಿಕೊಡ್ರಿ ಮೇಡಂ." ನಾನು ಹಾಕಿಕೊಡುವುದಿಲ್ಲ. ಬರುವ ಹೆಚ್ಚಿನ ಮಕ್ಕಳ ಮನೆಯಲ್ಲಿ ಆಗಲೇ ಒಂದು ಇರುತ್ತದೆ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ ಬರೆದು ಬೀರು ಬಾಗಿಲಿಗೆ ಅಂಟಿಸಿದ್ದು. ಬೆಳಗಿನ 4.30ರಿಂದ ರಾತ್ರಿ 11ರವರೆಗೆ, ನಡುವೆ ಊಟಕ್ಕೆ 20 ನಿಮಿಷ. ಎರಡು ದಿನ ನಡೆಯುತ್ತದೆ, ಮೂರನೇ ದಿನ ಕೈಕೊಡುತ್ತದೆ. ಆಮೇಲೆ ಉಳಿಯುವುದು "ನನ್ನ ಕೈಲಿ ಆಗಲ್ಲ" ಅನ್ನುವ ಮಾತು. ಟೈಂ ಟೇಬಲ್ ಇಲ್ಲದಿದ್ದಾಗ ಆ ಮಾತು ಇರಲಿಲ್ಲ.

ಹಾಗಾಗಿ ನನ್ನ ಮೊದಲ ಕೆಲಸ ಸಣ್ಣದು. ಒಂದು ನೋಟ್‌ಬುಕ್, ಎರಡು ಕಾಲಂ. ಕೆಲಸ ಶುರು ಮಾಡುವ ಮೊದಲು "ಎಷ್ಟು ಹೊತ್ತು ಹಿಡಿಯಬಹುದು" ಅಂತ ಬರೆಯಬೇಕು, ಮುಗಿದ ಮೇಲೆ "ಎಷ್ಟು ಹಿಡಿಯಿತು" ಅಂತ ಬರೆಯಬೇಕು. ಒಂದು ವಾರ ಬೇರೇನೂ ಬದಲಾಯಿಸುವ ಹಾಗಿಲ್ಲ. ಜಾಸ್ತಿ ಓದಬೇಕಾಗಿಯೂ ಇಲ್ಲ. ಸುಮ್ನೆ ಬರೆಯುವುದು.

ಹರಿಹರದಿಂದ ದಿನಾ ಬಸ್ಸಲ್ಲಿ ಬರುತ್ತಿದ್ದ ಒಬ್ಬ ಪಿಯು ಹುಡುಗನ ಪುಸ್ತಕ ನೆನಪಿದೆ. (ಗುರುತು ಸಿಗದ ಹಾಗೆ ಎಲ್ಲರ ವಿವರ ಸ್ವಲ್ಪ ಬದಲಿಸಿದ್ದೇನೆ.) ಫಿಸಿಕ್ಸ್‌ನ ಹತ್ತು ಲೆಕ್ಕಕ್ಕೆ ಅರ್ಧ ಗಂಟೆ ಅಂದುಕೊಂಡಿದ್ದ, ಒಂದೂಕಾಲು ಗಂಟೆ ಹಿಡಿದಿತ್ತು. ಲ್ಯಾಬ್ ರೆಕಾರ್ಡ್‌ಗೆ 20 ನಿಮಿಷ ಅಂದಿದ್ದು 50 ಆಗಿತ್ತು. ಸ್ನಾನ, ತಿಂಡಿಯಂಥದ್ದು ಮಾತ್ರ ಅಂದಾಜಿಗೆ ಸರಿಯಾಗಿ ಬಂದಿತ್ತು, ದಿನಾ ಮಾಡುವ ಕೆಲಸ ಅಲ್ವಾ. ಫೋನಿಗೆ ಕಾಲು ಗಂಟೆ ಅಂತ ಬರೆದಿದ್ದ. ಸೆಟ್ಟಿಂಗ್ಸ್‌ನಲ್ಲಿ ದಿನದ ಬಳಕೆ ತೋರಿಸುವ ಪುಟ ತೆರೆದು ನೋಡಿ ಅವನೇ ನಕ್ಕ.

ಇದು ಸೋಮಾರಿತನ ಅಲ್ಲ. ಕೆಲಸಕ್ಕೆ ಬೇಕಾದ ಸಮಯವನ್ನು ಕಡಿಮೆ ಅಂದುಕೊಳ್ಳುವ ಈ ಗುಣಕ್ಕೆ ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ 'ಪ್ಲಾನಿಂಗ್ ಫಾಲಸಿ' ಅಂತ ಹೆಸರಿಟ್ಟರು. ದೊಡ್ಡವರಿಗೂ ಇದೆ. ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ಹುಡುಗನಿಗೆ ಓದಿನ ಕೆಲಸ ಅಂದಾಜಿನ ಹೆಚ್ಚುಕಡಿಮೆ ಎರಡೂವರೆ ಪಟ್ಟು ಹಿಡಿಯುತ್ತಿತ್ತು. ಹಾಗಾದರೆ ಅವನ ಅಂದಾಜನ್ನು ಎರಡೂವರೆಯಿಂದ ಗುಣಿಸಿದರೆ ಆಯಿತು. ಈ ಗುಣಕ ಒಬ್ಬೊಬ್ಬರಿಗೂ ಬೇರೆ, ಒಂದೊಂದು ಸಬ್ಜೆಕ್ಟಿಗೂ ಬೇರೆ. ಹೊರಗಿನವರು ಹಾಕಿಕೊಟ್ಟ ಟೈಂ ಟೇಬಲ್‌ನಲ್ಲಿ ಅದು ಇರುವುದೇ ಇಲ್ಲ.

ಇನ್ನೊಬ್ಬ ಹುಡುಗನ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಮಗನ ಎರಡು ಕಾಲಂ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. "ಒಂದು ಚೀಲ ಅಕ್ಕಿ ಹುರಿಯಾಕೆ ಎಷ್ಟೊತ್ತು ಬೇಕು ಅಂತ ಗೊತ್ತಿಲ್ದೆ ನಾವು ಆರ್ಡರ್ ಹಿಡಿಯಂಗಿಲ್ರೀ" ಅಂದರು. ನಾನು ಅರ್ಧ ಗಂಟೆಯಿಂದ ಹೇಳಲು ಹೆಣಗುತ್ತಿದ್ದದ್ದು ಅದನ್ನೇ.

ಎರಡನೇ ವಾರ ಕಳೆಯುವ ಲೆಕ್ಕ. 24 ಗಂಟೆಯಿಂದ ನಿದ್ದೆ, ಕಾಲೇಜು, ಟ್ಯೂಷನ್, ಬಸ್ಸು, ಬಸ್ಸಿಗೆ ಕಾಯುವುದು, ಊಟ ಎಲ್ಲ ತೆಗೆದರೆ ಹರಿಹರದ ಹುಡುಗನಿಗೆ ಉಳಿದದ್ದು ಮೂರು ಗಂಟೆ ಚಿಲ್ಲರೆ. ಬೀರುವಿಗೆ ಅಂಟಿಸಿದ್ದ ಹಾಳೆಯಲ್ಲಿ ಏಳು ಗಂಟೆ ಓದು ಇತ್ತು! ಅವನ ಅಮ್ಮ ಆ ಹಾಳೆಯನ್ನೂ ನನ್ನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

ಇಷ್ಟರಲ್ಲೇ ಕೆಲವರಿಗೆ ಸರಿಹೋಗುತ್ತದೆ. ಹೆಚ್ಚಿನವರಿಗೆ ಆಗುವುದಿಲ್ಲ. ಥೆರಪಿ ಅನ್ನುವುದು ನಿಜವಾಗಿ ಶುರುವಾಗುವುದು ಇಲ್ಲಿಂದ. ಸಮಯ ಇದೆ, ಅಂದಾಜೂ ಸರಿಯಿದೆ, ಆದರೂ ಪುಸ್ತಕ ತೆರೆಯಲು ಆಗುವುದಿಲ್ಲ. ಒಬ್ಬ ಹುಡುಗಿ ಕೆಮಿಸ್ಟ್ರಿ ಓದಬೇಕಾದಾಗಲೆಲ್ಲ ಟೇಬಲ್ ಒರೆಸುತ್ತಿದ್ದಳು, ಬಯಾಲಜಿ ನೋಟ್ಸನ್ನು ಮತ್ತೆ ನೀಟಾಗಿ ಬರೆಯುತ್ತಿದ್ದಳು. ಮನೆಯವರ ಕಣ್ಣಿಗೆ ಸದಾ ಓದುವ ಹುಡುಗಿ. "ಕೆಮಿಸ್ಟ್ರಿ ಪುಸ್ತಕ ಕೈಗೆ ಬಂದಾಗ ಮೊದಲು ಏನನ್ನಿಸುತ್ತೆ?" ಅಂತ ಕೇಳಿದೆ. "ಹೊಟ್ಟೆಯಲ್ಲಿ ಒಂಥರಾ" ಅಂದಳು. ಅದರ ಹಿಂದಿದ್ದ ಯೋಚನೆ: ಇದು ಬರದಿದ್ದರೆ ನೀಟ್ ಹೋಯಿತು, ನೀಟ್ ಹೋದರೆ ಎಲ್ಲ ಹೋಯಿತು.

ಮುಂದೂಡುವುದು ಸಮಯದ ಸಮಸ್ಯೆಗಿಂತ ಹೆಚ್ಚಾಗಿ ಭಾವನೆಯ ಸಮಸ್ಯೆ ಅಂತ ಮನೋವಿಜ್ಞಾನಿಗಳಾದ ಫ್ಯೂಶಿಯಾ ಸಿರೋಯ್ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ಬರೆದರು. ನನ್ನ ಅನುಭವವೂ ಅದೇ. ಪುಸ್ತಕ ಮುಚ್ಚಿದರೆ ಹೊಟ್ಟೆಯ ಸಂಕಟ ತಕ್ಷಣ ಇಳಿಯುತ್ತದೆ. ಆ ನೆಮ್ಮದಿಯೇ ಮುಂದೂಡುವುದನ್ನು ಕಲಿಸುವ ಮೇಷ್ಟ್ರು. ಬೈದರೆ ಸಂಕಟ ಇನ್ನೂ ಹೆಚ್ಚುತ್ತದೆ, ಪುಸ್ತಕ ಇನ್ನೂ ದೂರ ಹೋಗುತ್ತದೆ.

ಕೆಮಿಸ್ಟ್ರಿಯ ಆ ಹುಡುಗಿಯ ಜೊತೆ ಮಾಡಿದ್ದು ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಪರಿಶೀಲಿಸಿ ಬದಲಿಸುವ ಥೆರಪಿಯ, ತೀರಾ ಸಾಮಾನ್ಯ ಕೆಲಸ. ಆ ಯೋಚನೆಯನ್ನು ಹಾಳೆಯ ಮೇಲೆ ಬರೆದು, ಅದಕ್ಕೆ ಪರ ಏನಿದೆ, ವಿರುದ್ಧ ಏನಿದೆ ಅಂತ ಅವಳೇ ನೋಡಿದಳು. ಆಮೇಲೆ ಹೆಜ್ಜೆಯನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿದೆವು: ಐದು ನಿಮಿಷ, ಒಂದೇ ರಿಯಾಕ್ಷನ್, ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಬಹುದು. ಯಾವಾಗ? "ಸಂಜೆ" ಅನ್ನುವುದು ಸಾಲದು. "ಸಂಜೆ ಚಾ ಕುಡಿದು ಲೋಟ ಸಿಂಕಿಗೆ ಇಟ್ಟ ಕೂಡಲೇ, ಅಜ್ಜಿ ರೂಮಿನ ಕುರ್ಚಿಯಲ್ಲಿ." ಹೀಗೆ 'ಇದಾದ ಕೂಡಲೇ ಅದು' ಅಂತ ಗಂಟು ಹಾಕಿಕೊಂಡರೆ ಮಾಡುವ ಸಾಧ್ಯತೆ ಹೆಚ್ಚು ಅನ್ನುವುದನ್ನು ಪೀಟರ್ ಗಾಲ್ವಿಟ್ಸರ್ ಎಂಬ ಮನೋವಿಜ್ಞಾನಿ ತೋರಿಸಿದ್ದಾರೆ. ಲೋಟದ ಗಂಟು ಅವಳಿಗೆ ಚೆನ್ನಾಗಿ ಹಿಡಿಯಿತು. ಭಾನುವಾರ ಮಾತ್ರ ಹಿಡಿಯಲಿಲ್ಲ, ಅವತ್ತು ಚಾ ಎರಡು ಮೂರು ಸಲ ಆಗುತ್ತದೆ.

25 ನಿಮಿಷ ಓದು, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಈಗ ಎಲ್ಲ ಮಕ್ಕಳಿಗೂ ಗೊತ್ತು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಇದನ್ನು ಶುರು ಮಾಡಿದ್ದು ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು. ನಮ್ಮ ಮಕ್ಕಳು ಇಟ್ಟುಕೊಳ್ಳುವುದು ಫೋನನ್ನು. ಟೈಮರ್ ನಿಲ್ಲಿಸಲು ಕೈಗೆತ್ತಿಕೊಂಡರೆ ರೀಲ್ಸ್. ಅದಕ್ಕೆ ಅಗ್ಗದ ಟೇಬಲ್ ಗಡಿಯಾರ ತರಲು ಹೇಳುತ್ತೇನೆ. 25 ನಿಮಿಷ ಕೂರಲು ಆಗದವರು 10ರಿಂದ ಶುರು ಮಾಡುತ್ತಾರೆ.

ನಿದ್ದೆಯ ವಿಷಯದಲ್ಲಿ ಹೆತ್ತವರ ಜೊತೆ ನನಗೆ ಸದಾ ಜಗಳ. 13ರಿಂದ 18ರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ರಾತ್ರಿ ನಿದ್ದೆ ತಡವಾಗಿ ಬರುತ್ತದೆ. 11.30ಕ್ಕೆ ಮಲಗಿದವನನ್ನು 4.30ಕ್ಕೆ ಎಬ್ಬಿಸಿದರೆ ಅವನು ಪುಸ್ತಕದ ಮುಂದೆ ಕೂರುತ್ತಾನೆ, ಅಷ್ಟೇ. ಬ್ರಾಹ್ಮಿ ಮುಹೂರ್ತದ ಮೇಲೆ ನನಗೇನೂ ಸಿಟ್ಟಿಲ್ಲ, ರಾತ್ರಿ ಒಂಬತ್ತಕ್ಕೆ ಮಲಗಲು ಬಿಟ್ಟರೆ ಏಳಲಿ. ಏಪ್ರಿಲ್ ತಿಂಗಳ ನಮ್ಮೂರಿನ ಮಧ್ಯಾಹ್ನದಲ್ಲಂತೂ ಕಷ್ಟದ ಸಬ್ಜೆಕ್ಟ್ ಇಡಲೇಬಾರದು.

ಹೆತ್ತವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳುತ್ತೇನೆ. "ಓದಿದ್ಯಾ?" ಅಂತ ದಿನಕ್ಕೆ ಒಂದೇ ಸಲ ಕೇಳಬೇಕು, ಮಗು ಹೇಳಿದ ಹೊತ್ತಿಗೆ ಕೇಳಬೇಕು. ಅಮ್ಮನೇ ಅಲಾರಂ ಆದರೆ ಮಗುವಿಗೆ ಗಡಿಯಾರ ನೋಡುವ ಅಗತ್ಯವೇ ಬರುವುದಿಲ್ಲ. ಅಪ್ಪಂದಿರು ಬೇಗ ಒಪ್ಪುತ್ತಾರೆ, ಅವರು ಮನೆಯಲ್ಲಿ ಇರುವುದೇ ಕಡಿಮೆ. ಅಮ್ಮಂದಿರಿಗೆ ಮೊದಲ ವಾರ ನಿಜಕ್ಕೂ ಹಿಂಸೆ.

ಎಲ್ಲವೂ ಸಮಯದ ತೊಂದರೆ ಅಲ್ಲ. ಚಿಕ್ಕಂದಿನಿಂದಲೂ, ಮನೆಯಲ್ಲೂ ಶಾಲೆಯಲ್ಲೂ, ವಸ್ತು ಕಳೆಯುವುದು, ಮಧ್ಯೆ ಬಿಡುವುದು, ಸಮಯದ ಅಂದಾಜೇ ಇಲ್ಲದಿರುವುದು ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆಯೇ ಅಂತ ಮನೋವೈದ್ಯರ ಹತ್ತಿರ ತೋರಿಸಲು ಹೇಳುತ್ತೇನೆ. ಮೊದಲು ಇಷ್ಟವಾಗಿದ್ದ ಆಟ, ಗೆಳೆಯರು ಯಾವುದೂ ಬೇಡವಾಗಿದ್ದರೂ ಮನೋವೈದ್ಯರನ್ನು ಕಾಣಲು ಹೇಳುತ್ತೇನೆ. ಆಗ ಎರಡು ಕಾಲಂ ಪುಸ್ತಕ ಪಕ್ಕಕ್ಕಿಡಬೇಕು. ರಾತ್ರಿ ಹೊತ್ತು ಯಾರಾದರೂ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಕಲಿಸುವುದು, ಪ್ಲಾನ್ ಕೆಟ್ಟಾಗ ಏನು ಮಾಡಬೇಕು ಅಂತ. ನಮ್ಮೂರಲ್ಲಿ ಅದಕ್ಕೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಇದ್ದೇ ಇದೆ. 2024ರಲ್ಲಿ ಅದು ಬಂದದ್ದು ಮಾರ್ಚ್‌ನಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು ಮಾರ್ಚ್ 25ಕ್ಕೆ. ಮನೆ ತುಂಬ ನೆಂಟರು, ಓದಲು ಮೂಲೆ ಸಿಗುವುದಿಲ್ಲ. ಆ ದಿನಗಳನ್ನು ಮೊದಲೇ ಖಾಲಿ ಅಂತ ಬರೆದಿಡಿ, ಜಾತ್ರೆ ಮುಗಿದ ಮೇಲೆ ಬಾಕಿಯನ್ನೆಲ್ಲ ಒಂದೇ ದಿನಕ್ಕೆ ತುರುಕಬೇಡಿ ಅಂತ ಮಕ್ಕಳಿಗೆ ಹೇಳಿದ್ದೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಆ ದಿನದ ತಾರೀಕು ಹಾಕಿ, ಒಂದು ಕೆಲಸ, ಅದರ ಮುಂದೆ ಒಂದು ಅಂದಾಜು. ಅಷ್ಟು ಬರೆದರೆ ಸಾಕು.