ಕೋರ್ಟು ಹುಂಡಿ: ಯಾರೂ ಅಚ್ಚು ಮಾಡಲು ಒಪ್ಪದ ಕಾದಂಬರಿ ತಂದ ನನ್ನ ಅನುಭವ

ಎರಡನೇ ಮುದ್ರಣದ ಕೊನೆಯ ಕಟ್ಟು ಹೋದ ವಾರ ಧಾರವಾಡಕ್ಕೆ ಹೋಯಿತು. ಎರಡೂ ಸೇರಿ 800ರ ಹತ್ತಿರ ಪ್ರತಿ. ದೊಡ್ಡ ಪ್ರಕಾಶಕರಿಗೆ ಇದು ಲೆಕ್ಕಕ್ಕೇ ಇಲ್ಲ, ಗೊತ್ತು. ಆದರೆ ಇದು ಪೂರ್ಣವಿರಾಮವೇ ಇಲ್ಲದ, ಕೊಪ್ಪಳ ಕಡೆಯ ಬೈಗುಳ ತುಂಬಿದ, ನಡುವೆ ಒಂದು ಪುಟ ಖಾಲಿ ಬಿಟ್ಟ 160 ಪುಟದ ಕಾದಂಬರಿ. "ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಿ, ಲೈಬ್ರರಿಗೂ ಹೋಗಲ್ಲ, ಅಂಗಡೀಲೂ ಇಡಲ್ಲ" ಎಂದಿದ್ದ ಪ್ರಕಾಶಕ ಮಿತ್ರರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಮೇಡಂ ಎಂದು ಕೇಳುತ್ತಿದ್ದಾರೆ. ಇದು ಅವರಿಗಾಗಿ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ, ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಫಾರ್ಮು, ಬೈಂಡಿಂಗ್ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಸರ್ಕಾರ ಪುಸ್ತಕ ನಿಷೇಧಿಸುವುದು ನಮ್ಮಲ್ಲಿ ಅಪರೂಪ. ನಿಷೇಧಿಸಿತು ಅಂದರೆ ಪ್ರಶಸ್ತಿಯೂ ಕಾಪಾಡಲ್ಲ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ'ಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಆಮೇಲೆ ಮುಟ್ಟುಗೋಲಾಯಿತು. 2007ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ ನನ್ನಂಥವರು ತರುವ ಪುಸ್ತಕ ಅಷ್ಟು ದೂರ ಹೋಗುವುದೇ ಇಲ್ಲ. ಡಿಟಿಪಿ ಮೇಜಿನ ಮೇಲೆ, ಪ್ರೆಸ್ಸಿನ ಬಾಗಿಲಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಸದ್ದಿಲ್ಲದೆ ಮುಗಿದುಹೋಗುತ್ತದೆ.

ಮೊದಲ ಪ್ರೂಫ್ ನೋಡಬೇಕಿತ್ತು ನೀವು. ಆಪರೇಟರ್ ಹುಡುಗ ಪಾಪ, ಎಲ್ಲ ಕಡೆ ಪೂರ್ಣವಿರಾಮ ಹಾಕಿಕೊಟ್ಟಿದ್ದ. "ಬರೆದವರು ಮರ್ತಿದ್ರು ಮೇಡಂ" ಎಂದ. ಬೈಗುಳ ಇದ್ದಲ್ಲೆಲ್ಲ ಮೂರು ಚುಕ್ಕಿ. 'ನುಡಿ' ತಂತ್ರಾಂಶದ ಅಕ್ಷರಗಳನ್ನು ಯುನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಕೆಟ್ಟದ್ದು ಬೇರೆ. ಮತ್ತೆ ಕಂಪೋಸ್, ಮತ್ತೆ ಚುಕ್ಕಿ. ಪುಟಕ್ಕೆ 30 ರೂಪಾಯಿಯಂತೆ 5,000ದೊಳಗೆ ಆಗಬೇಕಿದ್ದ ಕೆಲಸ 11,000 ಮುಟ್ಟಿತು. ಕೊನೆಗೆ ಲೇಖಕರನ್ನೇ ಪಕ್ಕದಲ್ಲಿ ಕೂರಿಸಿದೆ. ಬೈಗುಳ ಬಂದಾಗ ಅವರೇ ಕೀಬೋರ್ಡ್ ಎಳೆದುಕೊಂಡು ಹೊಡೆದರು. ಹುಡುಗ ಅಷ್ಟರಲ್ಲಿ ಟೀ ಕುಡಿದು ಬರುತ್ತಿದ್ದ.

ಪ್ರೆಸ್ಸಿನವರದು ಬೇರೆ ಕಥೆ. ಒಬ್ಬರು ಎರಡನೇ ಫಾರ್ಮು ಓದಿ ಫೈಲ್ ವಾಪಸ್ ಕಳಿಸಿದರು. ಇನ್ನೊಬ್ಬರು ಹೆಣ್ಮಕ್ಕಳಾಗಿ ಇಂಥದ್ದು ಯಾಕಮ್ಮ ಎಂದು ಬುದ್ಧಿ ಹೇಳಿದರು. ಮತ್ತೊಬ್ಬರು ಕಾಗದದ ಮುಂಗಡ ತೆಗೆದುಕೊಂಡ ಮೇಲೆ ಹಿಂದೆ ಸರಿದರು. ಆ 8,000 ವಾಪಸ್ ತೆಗೆಯಲು ಪಟ್ಟ ಪಾಡು ಬೇಡ. ಕೆಲಸಕ್ಕೆ ಬಂದ ಮಾತು ಆಡಿದವರು ಒಬ್ಬರೇ, ವಯಸ್ಸಾದ ಪ್ರೆಸ್ ಮಾಲೀಕರು. "ನೋಡಮ್ಮ, ಪುಸ್ತಕದಲ್ಲಿ ನನ್ನ ಪ್ರೆಸ್ಸಿನ ಹೆಸರು ಇರುತ್ತೆ. ನಾಳೆ ಯಾರಾದ್ರೂ ಬಂದು ಕಲ್ಲು ಹೊಡೆದ್ರೆ ಗಾಜಿನ ದುಡ್ಡು ಯಾರು ಕೊಡ್ತಾರೆ?"

ಮುದ್ರಕರ ಹೆಸರು ಹಾಕಬೇಕೆಂಬ ರೂಢಿ 1867ರ ಕಾಯ್ದೆಯ ಕಾಲದ್ದು. ಅಲ್ಲಿಂದ ಇಲ್ಲಿಯವರೆಗೆ ಅವರ ಎದೆ ಹೊಡೆದುಕೊಳ್ಳುತ್ತಲೇ ಇದೆ. ನನಗೆ ಮಾತ್ರ ಆ ಮಾಲೀಕರ ಪ್ರಶ್ನೆ ಸರಿ ಅನಿಸಿತು. ಗಾಜಿನ ದುಡ್ಡು ನಾನು ಕೊಟ್ಟರಾಯಿತು, ಅಲ್ವಾ?

ಈ ದಾರಿ ಹೊಸದಲ್ಲ. ಅಮೆರಿಕದ ಗ್ರೋವ್ ಪ್ರೆಸ್‌ನ ಪ್ರಕಾಶಕ ಬಾರ್ನಿ ರಾಸೆಟ್ 1961ರಲ್ಲಿ ಹೆನ್ರಿ ಮಿಲ್ಲರ್‌ನ 'ಟ್ರಾಪಿಕ್ ಆಫ್ ಕ್ಯಾನ್ಸರ್' ಕಾದಂಬರಿ ತಂದಾಗ ಅಶ್ಲೀಲ ಎಂದು ಪೊಲೀಸರು ಹಿಡಿದದ್ದು ಊರೂರಿನ ಅಂಗಡಿಯವರನ್ನು. ಕೇಸು 60 ದಾಟಿದವು. ನಿಮ್ಮ ವಕೀಲರ ಖರ್ಚು ನನ್ನದು ಎಂದು ರಾಸೆಟ್ ಮೊದಲೇ ಮಾತು ಕೊಟ್ಟಿದ್ದ. ಅದನ್ನು ನಡೆಸಲು ಹೋಗಿ ಕಂಪನಿ ಮುಳುಗುವ ಹಂತಕ್ಕೆ ಬಂತು. 1964ರಲ್ಲಿ ಅವರ ಸುಪ್ರೀಂ ಕೋರ್ಟ್ ಆ ಪುಸ್ತಕವನ್ನು ಬಿಟ್ಟಿತು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟ್ ರಂಜಿತ್ ಉದೇಶಿ ಕೇಸಿನಲ್ಲಿ ಡಿ.ಎಚ್. ಲಾರೆನ್ಸ್‌ನ ಕಾದಂಬರಿ 'ಲೇಡಿ ಚಾಟರ್ಲಿಸ್ ಲವರ್' ಮಾರಿದ್ದಕ್ಕೆ ಆದ ಶಿಕ್ಷೆಯನ್ನು ಎತ್ತಿಹಿಡಿಯಿತು. ಉದೇಶಿ ಬರೆದವರೂ ಅಲ್ಲ, ಅಚ್ಚು ಹಾಕಿದವರೂ ಅಲ್ಲ. ಮುಂಬಯಿಯ ಪುಸ್ತಕದಂಗಡಿಯ ಪಾಲುದಾರರು. ಅಂಗಡಿಯವರು ಹೆದರುತ್ತಾರೆ ಎಂದು ನಗುವ ಲೇಖಕರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ನಾನು ಮಾಡಿದ್ದು ಇಷ್ಟು. ಬ್ಯಾಂಕಿನಲ್ಲಿ ಬೇರೆಯೇ ಖಾತೆ ತೆರೆದು 20,000 ಹಾಕಿದೆ. ಮನೆಯಲ್ಲಿ ಅದಕ್ಕೆ ಕೋರ್ಟು ಹುಂಡಿ ಎಂದು ಹೆಸರಾಯಿತು. ವಕೀಲರಿಂದ ಎರಡು ಪುಟದ ಕರಾರು ಬರೆಸಿದೆ, ಫೀಸು 6,000. ಪ್ರೆಸ್ಸಿಗೋ ಅಂಗಡಿಗೋ ಈ ಪುಸ್ತಕದಿಂದ ನೋಟಿಸು, ಕೇಸು, ಗಾಜು ಏನೇ ಬಂದರೂ ಖರ್ಚು ನನ್ನದು. ಯಾವತ್ತು ಬೇಡ ಅನಿಸಿದರೂ ಪುಸ್ತಕವನ್ನು ನನ್ನ ಖರ್ಚಿನಲ್ಲಿ ವಾಪಸ್ ತರಿಸಿಕೊಳ್ಳುತ್ತೇನೆ. ಶಿಕ್ಷೆಯನ್ನು ಕರಾರಿನಲ್ಲಿ ವರ್ಗಾಯಿಸಲು ಬರುವುದಿಲ್ಲ, ಖರ್ಚು ಮಾತ್ರ ಎಂದು ವಕೀಲರು ಖಂಡಿತವಾಗಿ ಹೇಳಿದರು. ಅದನ್ನೂ ಅದರಲ್ಲೇ ಬರೆಸಿದೆ. ಇನ್ನೊಂದು ಕಲಮು ಇದೆ. ಸಹಿ ಬಿದ್ದದ್ದು ಹೆಚ್ಚಾಗಿ ಅದರಿಂದಲೇ. ಅದನ್ನು ಇಲ್ಲಿ ಹೇಳುವುದಿಲ್ಲ.

20,000ಕ್ಕೆ ಯಾವ ಕೋರ್ಟು ಮುಗಿಯುತ್ತೆ ಎಂದು ನಕ್ಕವರಿದ್ದಾರೆ. ನಗಲಿ. ಪ್ರೆಸ್ ಮಾಲೀಕರು ಪಾಸ್‌ಬುಕ್ ಎರಡು ಸಲ ನೋಡಿ ಪ್ಲೇಟ್ ಹಾಕಿಸಿದರು. ಅಂಗಡಿಗಳಲ್ಲಿ ಇನ್ನೂ ಮಜಾ. ಮೊದಲು 50% ಕಮಿಷನ್ ಕೊಡ್ತೀನಿ ಅಂದಿದ್ದೆ, ಯಾರೂ ಕಟ್ಟು ಬಿಚ್ಚಿರಲಿಲ್ಲ. ಕರಾರು ತೋರಿಸಿದ ಮೇಲೆ 35%ಗೆ ಇಟ್ಟರು. ಎಲ್ಲರೂ ಅಲ್ಲ. ಆರೇಳು ಅಂಗಡಿ. ನನಗೆ ಅಷ್ಟು ಸಾಕಿತ್ತು.

ಇದರ ಜೊತೆ ಒಂದು ಫೈಲ್ ಮಾಡಿದೆ. ಅಶ್ಲೀಲತೆಯ ಕಾನೂನಿನಲ್ಲಿ ಸಾಹಿತ್ಯ, ಕಲೆಯ ಹಿತಕ್ಕಾಗಿ ಇರುವ ಪುಸ್ತಕಕ್ಕೆ ವಿನಾಯಿತಿ ಇದೆ. 1969ರ ತಿದ್ದುಪಡಿಯಲ್ಲಿ ಬಂದದ್ದು. ದಂಡ ಸಂಹಿತೆಯ ಹಳೆಯ 292ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 294. ಒಂದು ಸಾಲು ಕಿತ್ತು ನೋಡಬಾರದು, ಇಡೀ ಕೃತಿ ನೋಡಬೇಕು, ಇಂದಿನ ಸಮಾಜದ ಕಣ್ಣಿನಿಂದ ನೋಡಬೇಕು ಎಂಬುದನ್ನು ಸುಪ್ರೀಂ ಕೋರ್ಟಿನ 2014ರ ಅವೀಕ್ ಸರ್ಕಾರ್ ತೀರ್ಪು ಇನ್ನೂ ಸ್ಪಷ್ಟ ಮಾಡಿದೆ. ಹಾಗಾಗಿ ಅಚ್ಚಿಗೆ ಮೊದಲೇ ಮೂವರಿಂದ ಲಿಖಿತ ಅಭಿಪ್ರಾಯ ತೆಗೆದುಕೊಂಡೆ. ಹಿರಿಯ ವಿಮರ್ಶಕರೊಬ್ಬರು ಫೋನಿನಲ್ಲಿ ಅರ್ಧ ಗಂಟೆ ಹೊಗಳಿದರು. ಬರೆದುಕೊಡಿ ಸಾರ್ ಅಂದ ಮೇಲೆ ಫೋನ್ ಎತ್ತಲಿಲ್ಲ. ಬರೆದುಕೊಟ್ಟವರಲ್ಲಿ ಒಬ್ಬರು ಪಿಯು ಕಾಲೇಜಿನ ಕನ್ನಡ ಮೇಡಂ. ಬೈಗುಳಗಳು ಆ ಊರಿನ ಸಂತೆಯಲ್ಲಿ ಹೇಗೆ ಬಳಕೆಯಾಗುತ್ತವೆ ಎಂದು ಮೂರು ಪುಟ ಬರೆದಿದ್ದರು. ಬಂದ ಒಂದೇ ಒಂದು ನೋಟಿಸಿಗೆ ಆ ಮೂರು ಪುಟ ಲಗತ್ತಿಸಿ ಉತ್ತರ ಕಳಿಸಿದೆವು. ಮತ್ತೆ ಆ ಕಡೆಯಿಂದ ಸುದ್ದಿ ಇಲ್ಲ.

ಹುಂಡಿಗೆ ಕೈ ಹಾಕಿದ್ದು ಒಂದೇ ಸಲ. ಒಬ್ಬ ಅಂಗಡಿಯವರಿಗೆ ಯಾರೋ ಫೋನಿನಲ್ಲಿ ದಬಾಯಿಸಿದರಂತೆ, 15 ಪ್ರತಿ ವಾಪಸ್ ಬಂದವು. ಬಸ್ ಪಾರ್ಸೆಲ್ ಖರ್ಚು 300 ಚಿಲ್ಲರೆ. ಆ ದುಡ್ಡನ್ನು ಅದೇ ದಿನ ಕಳಿಸಿಕೊಟ್ಟೆ. ಎರಡು ತಿಂಗಳಾದ ಮೇಲೆ ಅವರೇ 20 ಪ್ರತಿ ಕೇಳಿದರು.

ಇನ್ನು ದುಡ್ಡು. ಮೊದಲ ಮುದ್ರಣ 300. ಕಂಪೋಸ್, ಅಚ್ಚು, ಕಾಗದ, ಮುಖಪುಟ, ವಕೀಲರು ಎಲ್ಲ ಸೇರಿ 48,000 ಆಯಿತು. ಬೆಲೆ 220. ಧಾರವಾಡದ ಹಳೆಯ ಪ್ರಕಾಶನ ಮನೋಹರ ಗ್ರಂಥಮಾಲೆ ಮೊದಲಿನಿಂದ ನಡೆಸಿಕೊಂಡು ಬಂದ ಹಾಗೆ ಚಂದಾದಾರರನ್ನು ಹುಡುಕಿದೆ. ಅಂಚೆ ಸೇರಿ ಪ್ರತಿಗೆ 180 ರೂಪಾಯಿಯಂತೆ 170 ಜನ ಸಿಕ್ಕರು. ಮೊದಲ 40 ಜನರನ್ನು ಎಲ್ಲಿ ಹಿಡಿದೆ ಅನ್ನುವುದು ಗುಟ್ಟು. ಪುಸ್ತಕಗಳಿಗಿದ್ದ ಕಡಿಮೆ ದರದ ಬುಕ್ ಪೋಸ್ಟ್ ನಿಂತ ಮೇಲೆ ಅಂಚೆಯೇ ಪ್ರತಿಗೆ 45ರ ಆಸುಪಾಸು ತಿಂದಿತು. ಮೊದಲ ಸುತ್ತಿನಲ್ಲಿ 9,000 ಕೈ ಬಿಟ್ಟಿತು. ಎರಡನೇ ಸುತ್ತು 500, ಕಂಪೋಸ್ ಖರ್ಚಿಲ್ಲ, ಹಾಗಾಗಿ ಎದ್ದು ನಿಂತೆ. ಲೇಖಕರಿಗೆ 10% ಗೌರವಧನ ಕೊಟ್ಟ ಮೇಲೆ ನನಗೆ ಉಳಿದದ್ದು ಏಳೆಂಟು ಸಾವಿರ. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಯನ್ನು ಒಂದು ಪ್ರತಿಯಷ್ಟೂ ನಂಬದೆ ಇಂಥ ಪುಸ್ತಕದಲ್ಲಿ ಲಾಭ ಮಾಡಿದವರು ಇದ್ದರೆ ಕೈ ಎತ್ತಿ.

ನಡುವೆ ಕೆಲವು ಹುಚ್ಚಾಟ ಮಾಡಿದೆ. ಬೈಗುಳಗಳನ್ನು ಕೆಂಪು ಶಾಯಿಯಲ್ಲಿ ಹಾಕೋಣ ಎಂದು ಒಂದು ಫಾರ್ಮು ತೆಗೆಸಿದೆ. ನೋಡಿದರೆ ಲಗ್ನಪತ್ರಿಕೆ ಹಾಗೆ ಕಂಡಿತು, ಕೈಬಿಟ್ಟೆ. ಖಾಲಿ ಪುಟದಿಂದ ಮಾತ್ರ ತಲೆನೋವು. ಅಚ್ಚು ತಪ್ಪಿದೆ, ಬದಲಾಯಿಸಿ ಕೊಡಿ ಎಂದು ದಿನಾ ಫೋನು. ಎರಡನೇ ಮುದ್ರಣದಲ್ಲಿ ಆ ಪುಟಕ್ಕೂ ಪುಟಸಂಖ್ಯೆ ಹಾಕಿಸಿದೆ. ಫೋನು ನಿಂತವು. ಲೇಖಕರು ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ.

ನಮ್ಮಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ಕೆಲಸವನ್ನೂ ಮಾಡಿದೆ. 1954ರ ಕಾಯ್ದೆಯ ಪ್ರಕಾರ ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲೇ ಕಳಿಸಬೇಕು. ಮೊದಲ ಕಟ್ಟು ಬಿಚ್ಚಿದ ದಿನವೇ ಕಳಿಸಿದೆ. ನಾಳೆ ಇಲ್ಲಿ ಯಾರು ಏನೇ ಮಾಡಿದರೂ ಆ ನಾಲ್ಕು ಕಪಾಟುಗಳಿಗೆ ಪುಸ್ತಕ ಹೋಗಿದೆ.

ಮುಂದಿನದು ಕವನ ಸಂಕಲನ, ಇದಕ್ಕಿಂತ ಖಾರ. ಕವನಕ್ಕೆ ಈ ಲೆಕ್ಕ ಹೊಂದುತ್ತದೋ ಇಲ್ಲವೋ ನೋಡಬೇಕು. ಚಂದಾ ಪಟ್ಟಿ 60 ದಾಟಿದ ಮೇಲೆಯೇ ಪ್ರೆಸ್ಸಿಗೆ ಕೊಡುವುದು ಎಂದುಕೊಂಡಿದ್ದೇನೆ. ಕರಾರಿನ ನಮೂನೆ ಬೇಕಾದವರು ಕೇಳಿ, ಆ ಒಂದು ಕಲಮು ತೆಗೆದು ಕಳಿಸುತ್ತೇನೆ.